ಬಾಗಿಲು, ಕ್ಯಾಮೆರಾ, ಲಾಗಿನ್: ಮೂರಕ್ಕೂ ಒಂದೇ ಗಡಿಯಾರ

ನಮ್ಮ ಗೋದಾಮಿನಿಂದ ಮಾಲು ಕಳುವಾಗುತ್ತಿತ್ತು, ಬೀಗ ಮಾತ್ರ ಹಾಗೇ ಇರುತ್ತಿತ್ತು. ಹದಿನಾರು ಕ್ಯಾಮೆರಾ, ಕಾರ್ಡಿನ ಬಾಗಿಲು, ಕಾವಲುಗಾರ, ಎಲ್ಲಾ ಇತ್ತು. "ಇನ್ನೊಬ್ಬ ವಾಚ್‌ಮನ್ ಹಾಕಿ, ಸುಮ್ನೆ ಕಂಪ್ಯೂಟರ್ ಹಿಂದೆ ಬೀಳಬೇಡಿ" ಅಂದರು ಪಾಲುದಾರರು. ಬಾಗಿಲಿನ ಲಾಗ್ (ಯಾರ ಕಾರ್ಡ್ ಯಾವಾಗ ತೆಗೆಯಿತು ಅನ್ನೋ ದಾಖಲೆ), ವಿಡಿಯೋ, ಬಿಲ್ಲಿಂಗ್ ಲಾಗಿನ್ ಮೂರನ್ನೂ ಒಂದೇ ಕಡೆ ತಂದು ತಾಳೆ ನೋಡೋಣ ಅಂತ ನನ್ನ ಹಟ.

ಮೊದಲ ತಿಂಗಳು ಮರ್ಯಾದೆ ಹೋಯಿತು. ಲಾಗ್ ಪ್ರಕಾರ 9:40ಕ್ಕೆ ಒಬ್ಬ ಒಳಗೆ ಬಂದಿದ್ದಾನೆ, ಆ ಹೊತ್ತಿನ ವಿಡಿಯೋದಲ್ಲಿ ಬರೀ ಒಂದು ಬೆಕ್ಕು! ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನೋಡಿದರೆ ಎನ್‌ವಿಆರ್, ಅಂದರೆ ವಿಡಿಯೋ ಉಳಿಸುವ ಪೆಟ್ಟಿಗೆಯ ಗಡಿಯಾರ ಆರೇಳು ನಿಮಿಷ ಹಿಂದೆ. ಎಲ್ಲವನ್ನೂ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ಒಂದೇ ಎನ್‌ಟಿಪಿ ಸರ್ವರ್‌ಗೆ ಕಟ್ಟಿದೆ. ನಯಾಪೈಸೆ ಖರ್ಚಾಗಲಿಲ್ಲ.

ದುಡ್ಡು ಸುಟ್ಟದ್ದು ಮ್ಯಾಗ್ನೆಟಿಕ್ ಲಾಕ್‌ನಲ್ಲಿ. 280 ಕೆಜಿ ಹಿಡಿತ ಅಂತ ಹಿಗ್ಗಿ ನಾಲ್ಕು ತಂದೆ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಗೆ ಓಡಬೇಕಲ್ವಾ? ನಾಲ್ಕಕ್ಕೂ ಸೇರಿ 12 ವೋಲ್ಟಿನ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಒಂದೇ. ಒಂದೊಂದೂ ಅರ್ಧ ಆಂಪಿಯರ್ ಎಳೆಯುತ್ತದೆ. ಲೆಕ್ಕದಲ್ಲಿ ಮೂರೂವರೆ ಗಂಟೆ, ನಿಜದಲ್ಲಿ ಎರಡೂ ಬರಲಿಲ್ಲ. ಒಂದು ರಾತ್ರಿ ನಾಲ್ಕೂ ಬಾಗಿಲು ಸಡಿಲ ಬಿಟ್ಟು ನಿಂತಿದ್ದವು. ಸ್ಟೋರ್ ರೂಮಿಗೆ ಕರೆಂಟ್ ಹೋದರೂ ಬೀಗ ಬಿಡದ ಸ್ಟ್ರೈಕ್ (ಚೌಕಟ್ಟಿನಲ್ಲಿ ಕೂರುವ ಕರೆಂಟಿನ ಚಿಲಕ) ಹಾಕಿ, ಒಳಗಿನಿಂದ ತೆಗೆಯಲು ಹಿಡಿ ಕೊಟ್ಟೆ. ವಾಚ್‌ಮನ್‌ನ ಹೆಚ್ಚುಕಡಿಮೆ ಎರಡು ತಿಂಗಳ ಸಂಬಳದಷ್ಟು ಸಾಮಾನು ಈಗಲೂ ಕಪಾಟಿನಲ್ಲಿ ಬಿದ್ದಿದೆ.

ಮಧ್ಯೆ ಜೇಡದ ಕಾಟ. ಲೆನ್ಸಿನ ಮುಂದೆ ಬಲೆ ಕಟ್ಟಿ ರಾತ್ರಿಗೆ ಇನ್ನೂರು ಅಲರ್ಟ್. ಕ್ಯಾಮೆರಾದ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ಆರಿಸಿ, ಮೂರು ಅಡಿ ದೂರದಲ್ಲಿ ಬೇರೆ ಐಆರ್ ಲೈಟ್ ಹಾಕಿದೆ. ಜೇಡ ಅಲ್ಲಿಗೆ ಸಂಸಾರ ಬದಲಾಯಿಸಿತು. ಕ್ಯಾಮೆರಾಗಳಿಗೆ ಇಂಟರ್ನೆಟ್ ಕತ್ತರಿಸಿದ್ದು ಯಾಕೆ ಅಂತ 2016ರಲ್ಲಿ ಇಂಟರ್ನೆಟ್ಟಿನ ಕ್ಯಾಮೆರಾಗಳಿಗೇ ನುಗ್ಗಿ ಅವನ್ನು ದಾಳಿಗೆ ಬಳಸಿದ ಮಿರಾಯ್ ವೈರಸ್ ನೋಡಿದವರಿಗೆ ಹೇಳಬೇಕಿಲ್ಲ.

ಐದನೇ ವಾರ ಸಿಕ್ಕಿತು. 8:12ಕ್ಕೆ ಒಬ್ಬನ ಕಾರ್ಡ್ ಸ್ಟೋರ್ ಬಾಗಿಲು ತೆಗೆದಿದೆ. ಲಾಗಿನ್ ಪ್ರಕಾರ ಅದೇ ನಿಮಿಷ ಅವನು ಮುಂಭಾಗದ ಆಫೀಸಿನಲ್ಲಿ ಬಿಲ್ ಹೊಡೆಯುತ್ತಿದ್ದಾನೆ. ವಿಡಿಯೋದಲ್ಲಿ ಬೇರೆ ಮುಖ. ಕಾರ್ಡ್ ನಕಲಾಗಿತ್ತು! ಪಾಲುದಾರರು ನಂಬಲಿಲ್ಲ. ನಮ್ಮದು ಹಳೇ 125 ಕಿಲೋಹರ್ಟ್ಜ್ ಕಾರ್ಡು, ನಕಲು ಮಾಡಲು ಸುಲಭ. ಅವರ ಕಾರ್ಡನ್ನೇ ಇಸಿದುಕೊಂಡು, ಅವರ ಕಣ್ಣೆದುರೇ ನಾಲ್ಕೈದು ಸೆಕೆಂಡಿನಲ್ಲಿ ನಕಲು ಮಾಡಿ ಬಾಗಿಲು ತೆಗೆದು ತೋರಿಸಿದೆ. ಆಮೇಲೆ ಮಾತಿಲ್ಲ. ಅಂಗಡಿಯವನು ಬದಲಿಗೆ ಮೈಫೇರ್ ಕ್ಲಾಸಿಕ್ ಕಾರ್ಡು ತಗೊಳ್ಳಿ ಅಂದ. ಅದರ ಗುಪ್ತಲಿಪಿಯ ಗುಟ್ಟು 2008ರಲ್ಲೇ ಬಯಲಾಗಿದೆ ಮಾರಾಯ ಅಂತ ಹೇಳಿ, ನಕಲು ಮಾಡುವುದು ಇನ್ನೂ ಕಷ್ಟವಾದ ಡೆಸ್‌ಫೈರ್ ಕಾರ್ಡು ತಂದೆ.

ಈ ತಾಳೆ ಜೊತೆಗೆ ಅಲರ್ಟ್ ಬರಲು ಇನ್ನೆರಡು ಷರತ್ತು ಇಟ್ಟಿದ್ದೇನೆ. ಅದನ್ನು ಬರೆಯುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ. ವಾಚ್‌ಮನ್‌ನನ್ನು ತೆಗೆದಿಲ್ಲ. ಅಲರ್ಟ್ ಬಂದಾಗ ಎದ್ದು ಹೋಗಿ ನೋಡುವವರು ಬೇಕಲ್ಲ. ಒಂದು ಕಾರ್ಡಿಗೆ ಇಬ್ಬರು ನುಗ್ಗುವುದು ಇನ್ನೂ ನಿಂತಿಲ್ಲ. ಬಾಗಿಲ ಮೇಲೊಂದು ಕ್ಯಾಮೆರಾ ಹಾಕಿ ತಲೆ ಎಣಿಸುತ್ತಿದ್ದೇನೆ. ಹತ್ತರಲ್ಲಿ ಎರಡು ಸಲ ತಳ್ಳುಗಾಡಿಯನ್ನೂ ಮನುಷ್ಯ ಅನ್ನುತ್ತದೆ.