ಅಮ್ಮನ ಬಿಪಿ ಮಿಷನ್‌ನಲ್ಲಿ ಹಿಡಿದ ಯೆಜ್ಡಿಯ ರೋಗ

ಮೂರು ಸಲ ಪಿಸ್ಟನ್ ಹಿಡಿದ, ಅಂದರೆ ಸಿಲಿಂಡರಿನೊಳಗೆ ಕಾದು ಕಚ್ಚಿಕೊಂಡ ಯೆಜ್ಡಿ ಬೈಕಿನ ಇಂಜಿನ್ ಇದು. ಮೂರು ಸಲವೂ ಬೈಸಿಕೊಂಡವನು ನಾನು. ಹೊಸ ಪಿಸ್ಟನ್ ಹೊಂದಿಕೊಳ್ಳಲು ನಿಧಾನಕ್ಕೆ ಓಡಿಸುವ ರನ್ನಿಂಗ್ ಸರಿಯಾಗಿ ಮಾಡಿಲ್ಲ, ಆಯಿಲ್ ಕಡಿಮೆ ಹಾಕಿದೀರಿ, ಜೋರಾಗಿ ಓಡಿಸಿದೀರಿ. ಮುಳ್ಳು 40 ದಾಟಿಸಿಲ್ಲ ಅಂದರೆ ಒಬ್ಬರೂ ನಂಬಲಿಲ್ಲ. ಈಗ ಅದೇ ಗಾಡಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ಬಂದಿದೆ, ಅದೂ ಹಿಂದೆ ನಮ್ಮ ಭಾವನನ್ನು ಕೂರಿಸಿಕೊಂಡು. ಭಾವ 90 ಕೆಜಿಗೆ ಕಡಿಮೆ ಇಲ್ಲ. ಹಾಗಾಗಿ ಬರೆಯುವ ಧೈರ್ಯ ಬಂತು.

ಗಾಡಿ ಚಿಕ್ಕಪ್ಪನದು. 1984ರ ಯೆಜ್ಡಿ, 250 ಸಿಸಿ. ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿದ ಮೇಲೂ ಆರೇಳು ವರ್ಷ ಅದರಲ್ಲೇ ಹಾಲಿನ ಕ್ಯಾನು, ಗೊಬ್ಬರದ ಚೀಲ, ಒಂದೊಂದು ಸಲ ಕರುವನ್ನೂ ಹೊತ್ತಿದ್ದರು. ಆಮೇಲೆ ಅದು ಕೊಟ್ಟಿಗೆ ಮೂಲೆ ಸೇರಿತು. ತೀರ್ಥಹಳ್ಳಿ ಕಡೆಯ ಮಳೆಗಾಲ ಗೊತ್ತಲ್ಲ, ಟ್ರಂಕಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಅಂಥ ಹದಿನೈದು ಮಳೆಗಾಲ ನಿಂತಿತ್ತು. ಗಂಜಲದ ಹಬೆಗೆ ಕೇಸಿಂಗ್ ಮೇಲೆಲ್ಲ ಸುಣ್ಣದಂಥ ಬಿಳಿ ಹುಡಿ. ಕಿಕ್ಕರ್ ಮೇಲೆ ನಿಂತು ಕುಣಿದರೂ ಕೆಳಗೆ ಇಳಿಯಲಿಲ್ಲ.

ಜಾಮ್ ಬಿಡಿಸಿದ್ದು ಬೇಗ ಹೇಳಿಬಿಡುತ್ತೇನೆ. ಪ್ಲಗ್ ತೂತಿನಲ್ಲಿ ಡೀಸೆಲ್, ಗೇರ್ ಆಯಿಲ್ ಅರ್ಧಕ್ಕರ್ಧ ಬೆರೆಸಿ ಹೊಯ್ದು ಒಂಬತ್ತು ದಿನ ಬಿಟ್ಟೆ. ಏನೂ ಆಗಲಿಲ್ಲ. ಹೆಡ್ ತೆಗೆದು, ಪಿಸ್ಟನ್ ಮೇಲೆ ಮತ್ತಿ ಮರದ ತುಂಡಿಟ್ಟು ಹೊಡೆದೆ. ಮರ ಸೀಳಿತು ಅಷ್ಟೇ. ಕೊನೆಗೆ ಬಚ್ಚಲ ಹಂಡೆಯ ಕುದಿಯುವ ನೀರನ್ನು ಹೊರಗಿನ ಫಿನ್‌ಗಳ ಮೇಲೆ ಚೊಂಬುಗಟ್ಟಲೆ ಹೊಯ್ದೆ. ಪಿಸ್ಟನ್ ಓಡಾಡುವ ಬೋರ್ ಬಿಸಿಯಾಗಿ ಹಿಗ್ಗಬೇಕು, ಒಳಗಿನ ಪಿಸ್ಟನ್ ಬಿಸಿಯಾಗುವ ಮೊದಲೇ ಹೊಡೆಯಬೇಕು. ಐದೋ ಆರೋ ಚೊಂಬಿಗೆ ಕರಕ್ ಅಂತ ಒಂದು ಕೂದಲೆಳೆ ಜಾರಿತು. ಆಮೇಲೆ ಸಲೀಸು.

ನಿಜವಾದ ಕಷ್ಟ ಶುರುವಾಗಿದ್ದು ಇಂಜಿನ್ ಸ್ಟಾರ್ಟ್ ಆದ ಮೇಲೆ. ಒಳಗೆ ಇದ್ದದ್ದು 0.50 ಪಿಸ್ಟನ್, ಅಂದರೆ ಮೂಲ ಅಳತೆಗಿಂತ ಅರ್ಧ ಮಿಲಿಮೀಟರ್ ದೊಡ್ಡದು. ಶಿವಮೊಗ್ಗದಲ್ಲಿ 0.75ಕ್ಕೆ ಬೋರ್ ಮಾಡಿಸಿದೆ. ಪಿಸ್ಟನ್ ಕಿಟ್ಟು, ಬೋರಿಂಗ್, ಪ್ಯಾಕಿಂಗ್ ಸೇರಿ ಸುಮಾರು 4,000. ಬೋರ್ ಮಾಡಿಸಿದ್ದು ಜುಲೈನಲ್ಲಿ. ಶನಿವಾರ ತಂದು ಜಗಲಿ ಮೇಲಿಟ್ಟಿದ್ದು, ಸೋಮವಾರ ನೋಡಿದರೆ ಕನ್ನಡಿಯಂಥ ಬೋರಿನ ಒಳಗೆ ಕೆಂಪು ತುಕ್ಕು! ಮಲೆನಾಡಿನವರು ಅಂಗಡಿಯಲ್ಲೇ ಆಯಿಲ್ ಬಳಿಸಿ, ಪ್ಲಾಸ್ಟಿಕ್ ಸುತ್ತಿಸಿಕೊಂಡು ಬನ್ನಿ. ಒಳಮೈ ಉಜ್ಜುವ ಹೋನಿಂಗ್ ಇನ್ನೊಂದು ಸಲ ಮಾಡಿಸಿ ಕೂರಿಸಿದೆ. ಹೆಚ್ಚುಕಮ್ಮಿ 40 ಕಿಲೋಮೀಟರ್ ಓಡಿ ಮಂಡಗದ್ದೆ ಹತ್ತಿರ ಹಿಡಿಯಿತು. ಲಗೇಜ್ ಆಟೋಗೆ 1,200.

ಎರಡನೇ ಸಲ 1.00 ಪಿಸ್ಟನ್. ಈ ಸಲ ಎಲ್ಲರ ಮಾತು ಕೇಳಿ ಲೀಟರ್ ಪೆಟ್ರೋಲಿಗೆ 40 ಎಂಎಲ್ ಬದಲು 60 ಎಂಎಲ್ ಆಯಿಲ್ ಹಾಕಿದೆ. ಇದು ಇನ್ನೂ ದೊಡ್ಡ ದಡ್ಡತನ ಅಂತ ಗೊತ್ತಾಗಿದ್ದು ಆಮೇಲೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್‌ನ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಡಿಮೆ ಹೋಯಿತು ಅಂತಲೇ ಅರ್ಥ ಅಲ್ವಾ. ಗಾಳಿಗೆ ಪೆಟ್ರೋಲ್ ಸಾಲದೆ ಇಂಜಿನ್ ಇನ್ನೂ ಕಾಯುತ್ತದೆ. ಹೊಗೆಗೆ ಕೋಳಿಗಳು ಅಂಗಳ ಬಿಟ್ಟವು. 110 ಕಿಲೋಮೀಟರಿಗೆ ಮತ್ತೆ ಹಿಡಿಯಿತು.

ಮೂರನೇ ಸಲ ಬೋರಿನೊಳಗೆ ಹೊಸ ಕೊಳವೆ (ಲೈನರ್) ಹೊಡೆಸಿ ಸ್ಟ್ಯಾಂಡರ್ಡ್ 65 ಮಿಮೀಗೆ ತಂದೆ. ಕಾಗದದಲ್ಲಿ ಬರೆದಿಟ್ಟಿಲ್ಲ, ಆರೂವರೆ ಸಾವಿರ ಆಗಿರಬೇಕು. ಅದು ಮನೆ ಮುಂದಿನ ಏರಿನಲ್ಲೇ ನಿಂತಿತು.

ಅಷ್ಟು ಹೊತ್ತಿಗೆ ಭಾವ ಗುಜರಿಯವನ ನಂಬರ್ ಕೊಟ್ಟಾಗಿತ್ತು. ಶಿವಮೊಗ್ಗದ ಒಬ್ಬ ಹಳೇ ಮೆಕ್ಯಾನಿಕ್ ಅಂತೂ, "ಸುಮ್ನೆ ಯಾಕೆ ದುಡ್ಡು ಸುರೀತೀರಿ ಗೌಡ್ರೇ, ಫೋಟೋ ಹೊಡ್ಕೊಂಡು ಇಟ್ಕೊಳ್ಳಿ" ಅಂದರು. ಅವರ ಕೈಯಲ್ಲಿ ನೂರಾರು ಯೆಜ್ಡಿ ಎದ್ದಿವೆ. ಆದರೆ ಅವರೂ ಸೇರಿ ಎಲ್ಲರೂ ನೋಡಿದ್ದು ಬೋರ್, ಪಿಸ್ಟನ್, ಕಾರ್ಬುರೇಟರ್ ಮಾತ್ರ.

ನನ್ನ ತಲೆ ಕೊರೆಯುತ್ತಿದ್ದದ್ದು ಒಂದೇ ವಿಷಯ. ಎಕ್ಸಲೇಟರ್ ಬಿಟ್ಟ ಮೇಲೂ ಇಂಜಿನ್ ಎರಡು ಮೂರು ಸೆಕೆಂಡ್ ಹಾಗೇ ಕೂಗುತ್ತಿತ್ತು. ಕೇಬಲ್ ಬದಲಿಸಿದೆ. ಗೆಳೆಯನ ಗಾಡಿಯ ಕಾರ್ಬುರೇಟರ್ ತಂದು ಹಾಕಿದೆ. ಮೇನ್ ಜೆಟ್ ದೊಡ್ಡದು ಮಾಡಿದೆ. ಕೂಗು ನಿಲ್ಲಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಸೀಮೆಸುಣ್ಣದಂತೆ ಬೆಳ್ಳಗೆ, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಅನ್ನುವ ಗುರುತು. ಕಾರ್ಬುರೇಟರ್ ದಾರಿಯಲ್ಲದೆ ಬೇರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಟು ಸ್ಟ್ರೋಕ್‌ಗೆ ಬೋರಿನ ಕೆಳಗಿನ ಕೇಸಿಂಗೇ ಗಾಳಿ-ಪೆಟ್ರೋಲ್ ಮೇಲೆ ತಳ್ಳುವ ಪಂಪು ಅನ್ನೋದು ನಮಗೆಲ್ಲ ಗೊತ್ತು. ಆ ಪಂಪು ಸೋರುತ್ತದೆಯಾ ಅಂತ ಮಾತ್ರ ಯಾರೂ ನೋಡಲ್ಲ.

ಗಾಳಿ ತುಂಬಿ ನೋಡಬೇಕು. ಕಂಪ್ರೆಸರ್ ಇಟ್ಟರೆ ಗಾಳಿ ತಡೆಯುವ ಸೀಲ್‌ಗಳೇ ಹಾರಿಹೋಗುತ್ತವೆ. 5-6 ಪೌಂಡ್ ಸಾಕು. ಅಷ್ಟು ಸಣ್ಣ ಒತ್ತಡ ತೋರಿಸುವ ಮುಳ್ಳು ಎಲ್ಲಿಂದ ತರೋದು? ಒಂದು ರಾತ್ರಿ ಅಮ್ಮನ ಮಾತ್ರೆ ಡಬ್ಬಿ ಹುಡುಕುವಾಗ ಹಳೇ ಬಿಪಿ ಮಿಷನ್ ಕೈಗೆ ಸಿಕ್ಕಿತು. ರಬ್ಬರ್ ಉಂಡೆ ಅಮುಕಿ ಗಾಳಿ ಹಾಕುವ, ಗಡಿಯಾರದಂಥ ಮುಳ್ಳಿನದು. ಡಿಜಿಟಲ್ ಬಂದ ಮೇಲೆ ಮೂಲೆ ಸೇರಿತ್ತು. ಅದರ ಕೊನೆಯ ಗೆರೆ 300 (ಪಾದರಸದ ಮಿಲಿಮೀಟರ್). ಲೆಕ್ಕ ಹಾಕಿದರೆ ಸರಿಯಾಗಿ 6 ಪೌಂಡ್ ಹತ್ತಿರ ಬರುತ್ತದೆ!

ಇಂಜಿನ್ ಇಳಿಸಿ ಜಗಲಿ ಮೇಲಿಟ್ಟೆ. ಎರಡು ಸೈಲೆನ್ಸರ್ ಬಾಯಿಗೂ ಟ್ಯೂಬಿನ ರಬ್ಬರ್ ಬಿಲ್ಲೆ, ಅದರ ಮೇಲೆ ತಗಡಿನ ಬಿಲ್ಲೆ, ಮೇಲೆ ಸೈಲೆನ್ಸರ್ ನಟ್. ಕಾರ್ಬುರೇಟರ್ ಬಿಚ್ಚಿ ಆ ಬಾಯಿಯನ್ನೂ ಮುಚ್ಚಿದೆ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ಟ್ಯೂಬಿನ ಹಿತ್ತಾಳೆ ವಾಲ್ವ್ ಬೆಸುಗೆ ಹಾಕಿಸಿದೆ. ಬಿಪಿ ಮಿಷನ್ನಿನ ಎರಡು ಪೈಪು ಒಂದು ಮಾಡಲು ತೋಟದ ಡ್ರಿಪ್ ಪೈಪಿನ ಟೀ. ಪಿಸ್ಟನ್ ಕೆಳಗೆ ಇಳಿಸಿಯೇ ಇಡಬೇಕು, ಮರೆಯಬೇಡಿ. ಇಲ್ಲದಿದ್ದರೆ ಮೇಲಿನ ಗಾಳಿ ಕೇಸಿಂಗಿಗೆ ಇಳಿಯೋದೇ ಇಲ್ಲ. ಮೊದಲ ದಿನ ನಾನು ಅದನ್ನೇ ಮರೆತು "ಸೋರಿಕೆ ಇಲ್ಲ" ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಅಮ್ಮ ಬಂದು ನಿಂತರು. "ಅದಕ್ಕೂ ಬಿಪಿ ಬಂತನಾ?"

"ಬಂದಿಲ್ಲ ಅಮ್ಮ, ಲೋ ಆಗಿದೆ."

ನಿಜವಾಗಿಯೂ ಲೋ. 300ಕ್ಕೆ ಏರಿಸಿ ಕೈ ಬಿಟ್ಟರೆ ಹತ್ತು ಸೆಕೆಂಡಿನಲ್ಲಿ ಸೊನ್ನೆ. ಅಂಟುವಾಳದ ನೊರೆ ಬಳಿದೆ. ಸೋಪಿನ ನೊರೆಗಿಂತ ಅದು ನಿಧಾನಕ್ಕೆ ಒಡೆಯುತ್ತದೆ, ನೋಡಲು ಪುರುಸೊತ್ತು ಸಿಗುತ್ತದೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹತ್ತಿರ ಗುಳ್ಳೆ. ಇದು ನಿರೀಕ್ಷೆ ಇತ್ತು. ಆದರೆ ಬೋರ್ ಕೂರುವ ಜಾಗದ ಸ್ವಲ್ಪ ಕೆಳಗೆ, ಎರಡು ಕೇಸಿಂಗ್ ಸೇರುವ ಗೆರೆಯಲ್ಲಿ, ಅಕ್ಕಿಕಾಳಿನಷ್ಟು ಜಾಗದಿಂದ ಗುಳ್ಳೆ ಮೇಲೆ ಗುಳ್ಳೆ ಎದ್ದು ದ್ರಾಕ್ಷಿ ಗೊಂಚಲಿನ ಹಾಗೆ ನಿಂತಿತು. ಗೇರ್ ಆಯಿಲ್ ಹಾಕುವ ತೂತಿಗೆ ಕಿವಿ ಕೊಟ್ಟರೆ ಒಳಗೆ ಬುಳುಬುಳು. ಅಂದರೆ ಕ್ಲಚ್ ಕಡೆಯ ಸೀಲೂ ಹೋಗಿದೆ.

ಕೇಸಿಂಗ್ ಬಿಡಿಸಿದಾಗ ಗೊತ್ತಾಯಿತು. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಸ್ಕ್ರೂಡ್ರೈವರ್ ತೂರಿಸಿ ಮೀಟಿ ಬಿಡಿಸಿದ್ದಾನೆ. ಕೇಸಿಂಗ್ ಸೇರುವ ಮುಖದ ಮೇಲೆ ಉಗುರಿನಷ್ಟು ಗುಳಿ, ಅದರ ಅಂಚು ಉಬ್ಬಿದೆ. ಮೇಲೆ ಎಷ್ಟು ಗಮ್ ಹಚ್ಚಿದರೂ ನಿಲ್ಲಲ್ಲ. ಉಬ್ಬನ್ನು ಕಿಟಕಿ ಗಾಜಿನ ಮೇಲೆ ಸಣ್ಣ ಎಮರಿ ಕಾಗದ ಹಾಸಿ ಉಜ್ಜಿ ತೆಗೆದೆ. ಉಬ್ಬು ಹೋಗುವಷ್ಟು ಮಾತ್ರ ಉಜ್ಜಬೇಕು. ಮುಖವೇ ಸವೆದರೆ, ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ಒಳಗೆ ಬಿಗಿಯಾಗಿಬಿಡುತ್ತದೆ. ಗುಳಿಗೆ ಏನು ತುಂಬಿದೆ ಅನ್ನೋದು ಮಾತ್ರ ಹೇಳಲ್ಲ. ಎಂಟು ಸಲ ಕೆಡಿಸಿಕೊಂಡು ಕಲಿತದ್ದು, ಅಷ್ಟು ಸುಲಭಕ್ಕೆ ಬಿಟ್ಟುಕೊಡೋದು ಹೇಗೆ? ಎಂ-ಸೀಲ್ ಅಲ್ಲ, ಅಷ್ಟು ಹೇಳಬಲ್ಲೆ. ಪೆಟ್ರೋಲ್‌ನಲ್ಲಿ ಒಂದು ವಾರ ಮುಳುಗಿಸಿಟ್ಟು ಪರೀಕ್ಷೆ ಮಾಡಿಯೇ ಹಾಕಿದ್ದು.

ಕ್ರ್ಯಾಂಕ್ ಭದ್ರಾವತಿಗೆ ಹೋಯಿತು. ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಆಯುಷ್ಯ ಕಳೆದು ರಿಟೈರ್ ಆದ ಹಿರಿಯರೊಬ್ಬರು ಮನೆಯಲ್ಲೇ ಮಾಡಿಕೊಡುತ್ತಾರೆ. ಡಯಲ್ ಇಟ್ಟು ತಿರುಗಿಸಿದರೆ 9 ಪಾಯಿಂಟ್ ಓಲಾಟ. ಪಾಯಿಂಟ್ ಅಂದರೆ ಅವರ ಲೆಕ್ಕದಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು. ಹೊಸ ಕನೆಕ್ಟಿಂಗ್ ರಾಡ್ ಹಾಕಿ, ಹಿತ್ತಾಳೆ ಸುತ್ತಿಗೆಯಲ್ಲಿ ಒಂದೊಂದೇ ಪೆಟ್ಟು ಹೊಡೆದು 2 ಪಾಯಿಂಟಿಗೆ ತಂದರು. ಅರ್ಧ ದಿನ ಪಕ್ಕದಲ್ಲಿ ಕೂತು ನೋಡಿದೆ. ಹೊಡೆಯುವ ಮೊದಲು ಪ್ರತಿ ಸಲ ಕಣ್ಣು ಮುಚ್ಚುತ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ "ಕಣ್ಣು ಬಿಟ್ರೆ ಕೈ ಜಾಸ್ತಿ ಹೊಡೀತದೆ" ಅಂದರು. ಕೂಲಿ 800.

ಬೇರಿಂಗ್ ಕೂರಿಸಲು ಸುತ್ತಿಗೆ ಮುಟ್ಟಲಿಲ್ಲ. ಬೇರಿಂಗ್‌ಗಳನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಕೇಸಿಂಗನ್ನು ಹಂಡೆಯಲ್ಲಿ ಕುದಿಸಿದೆ. 60 ಮಿಮೀ ಆಸುಪಾಸಿನ ತೂತು ಅಷ್ಟು ಬಿಸಿಗೆ 10 ಪಾಯಿಂಟ್ ಹಿಗ್ಗುತ್ತದೆ. ಮೇಲೆತ್ತಿ, ನೀರು ಒರೆಸಿ, ಬೇರಿಂಗ್ ಇಟ್ಟರೆ ಟಪ್ ಅಂತ ತಾನಾಗೇ ಬಿತ್ತು. ಒಂದು ಮಾತ್ರ ಓರೆಯಾಗಿ ನಿಂತು, ಮತ್ತೆ ಕುದಿಸಿ ತೆಗೆಯಬೇಕಾಯಿತು. ಆವತ್ತು ಮನೆಯವರೆಲ್ಲ ಆಯಿಲ್ ಪಸೆಯ ನೀರಿನಲ್ಲಿ ಸ್ನಾನ ಮಾಡಿದರು, ಅದರ ಸುದ್ದಿ ಬೇಡ.

ಮಧ್ಯೆ ಇನ್ನೊಂದು ಪ್ರಯೋಗವೂ ನಡೆಯಿತು. ಟ್ಯಾಂಕಿನ ತುಕ್ಕಿಗೆ ಆಸಿಡ್ ಬೇಡ ಅಂತ ಅಡುಗೆಗೆ ಹುಳಿಯಾಗಿ ಬಳಸುವ ಉಪ್ಪಾಗೆ ಸಿಪ್ಪೆ ಕುದಿಸಿದ ನೀರು ತುಂಬಿಸಿಟ್ಟೆ. ನಾಲ್ಕು ದಿನಕ್ಕೆ ಒಳಗೆ ಬೂದು ಬಣ್ಣದ ಶುದ್ಧ ತಗಡು! ಖುಷಿಯಲ್ಲಿ ಕ್ಲಚ್ ಕವರನ್ನೂ ಅದರಲ್ಲೇ ಅದ್ದಿದೆ. ಅದು ಅಲ್ಯೂಮಿನಿಯಂ, ಕಾವಲಿಯಂತೆ ಕಪ್ಪಾಯಿತು. ಪಾಲಿಶ್ ಮಾಡಿದರೂ ಪೂರ್ತಿ ಹೋಗಿಲ್ಲ, ಈಗಲೂ ನೋಡಬಹುದು.

ಜೋಡಿಸಿ ಮತ್ತೆ ಬಿಪಿ ನೋಡಿದೆ. 300ರಿಂದ 240ಕ್ಕೆ ಇಳಿಯಲು ಒಂದು ನಿಮಿಷ. ಪರವಾಗಿಲ್ಲ ಅನ್ನಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನೊರೆ ಬಳಿದರೆ ಈ ಸಲ ಗುಳ್ಳೆ ಕಾರ್ಬುರೇಟರ್ ಕೂರುವ ಚಪ್ಪಟೆ ಮುಖದಲ್ಲಿ, ಅದು ಬಾಗಿತ್ತು. ಅದನ್ನೂ ಗಾಜಿನ ಮೇಲೆ ಉಜ್ಜಿದೆ. ಆಮೇಲೆ ಆರು ನಿಮಿಷಕ್ಕೆ 270. ದನಕ್ಕೆ ಇಂಜೆಕ್ಷನ್ ಕೊಡುವ ದೊಡ್ಡ ಸಿರಿಂಜ್ ಸಿಕ್ಕಿಸಿ ಗಾಳಿ ಎಳೆದೂ ನೋಡಿದೆ. ಕೆಲವು ಸೀಲ್ ಒತ್ತಿದರೆ ತಡೆಯುತ್ತವೆ, ಎಳೆದರೆ ಬಿಡುತ್ತವೆ. ಸಿರಿಂಜಿನ ಹಿಡಿ ಹಿಂದಕ್ಕೆ ಎಳೆದು ಬಿಟ್ಟರೆ ತಾನೇ ಒಳಗೆ ಹೋಯಿತು. ನಿರ್ವಾತ ನಿಂತಿದೆ ಅಂತ ಅರ್ಥ.

ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.4 ಮಿಮೀ, ಕಿಡಿಯ ಟೈಮಿಂಗ್ ಪಿಸ್ಟನ್ ಪೂರ್ತಿ ಮೇಲೆ ಬರಲು 3 ಮಿಮೀ ಚಿಲ್ಲರೆ ಇರುವಾಗ, ಆಯಿಲ್ ಮತ್ತೆ 40 ಎಂಎಲ್‌ಗೆ. ಏಳನೇ ಕಿಕ್ಕಿಗೆ ಎದ್ದಿತು. ಎಕ್ಸಲೇಟರ್ ಬಿಟ್ಟೆ. ಕೂಗು ತಟ್ಟನೆ ಇಳಿದು ಡುಗ್ ಡುಗ್ ಡುಗ್. ಅಂಗಳದಲ್ಲಿ ನಿಂತು ಇಪ್ಪತ್ತು ಸಲ ಅದನ್ನೇ ಮಾಡಿದೆ.

ಸುಮಾರು 600 ಕಿಲೋಮೀಟರ್ ರನ್ನಿಂಗ್ ಆದ ಮೇಲೆ ಜನವರಿಯಲ್ಲಿ ಘಾಟಿ ಇಳಿದು ವಾಪಸ್ ಹತ್ತಿದೆವು. ಹದಿನಾಲ್ಕು ತಿರುವು, ಬಹಳಷ್ಟು ಎರಡನೇ ಗೇರಿನಲ್ಲೇ. ಮೂರನೇ ತಿರುವಿನಲ್ಲಿ ಭಾವ "ಇಳೀಲಾ ಮಾರಾಯಾ?" ಅಂದರು. ಬೇಡ ಅಂದೆ. ಮೇಲೆ ಬಂದು ಪ್ಲಗ್ ಬಿಚ್ಚಿ ಅವರ ಅಂಗೈ ಮೇಲೆ ಇಟ್ಟೆ. ತುದಿ ಹಾಲು ಕಡಿಮೆ ಹಾಕಿದ ಕಾಫಿ ಬಣ್ಣ, ಸರಿಯಾಗಿ ಉರಿದ ಗುರುತು. ಬಿಸಿ ಇತ್ತು, ಭಾವ ಕಿರುಚಿ ಕೆಳಗೆ ಹಾಕಿದರು.

ದುಡ್ಡಿನ ಲೆಕ್ಕ: ಹಾಳಾದ ಮೂರು ಸಲದ್ದು, ಆಟೋ ಬಾಡಿಗೆ ಸೇರಿ 17,000 ಹತ್ತಿರ. ಸರಿಯಾದ ಕೆಲಸಕ್ಕೆ, ಅಂದರೆ ರಾಡ್, ಬೇರಿಂಗ್, ಸೀಲ್, ಕೂಲಿ, ಇನ್ನೊಂದು ಪಿಸ್ಟನ್ ಎಲ್ಲ ಸೇರಿ 9,500. ಅದರಲ್ಲಿ ಸೀಲ್‌ಗಳ ಪಾಲು ಬರೀ 350. ಒಳ್ಳೆ ಸೀಲ್ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ, ಕೊಟ್ಟವರ ಹತ್ತಿರ ಇನ್ನು ನಾಲ್ಕೇ ಸೆಟ್ ಇದೆ. ಬಿಪಿ ಮಿಷನ್ ಪುಕ್ಕಟೆ ಅಂದುಕೊಂಡಿದ್ದೆ. ಹೋದ ವಾರ ಡಿಜಿಟಲ್ ಕೆಟ್ಟು ಅಮ್ಮ ಹಳೆಯದನ್ನು ಕೇಳಿದರು. ತೋಳಿಗೆ ಕಟ್ಟಿದರೆ ಪೆಟ್ರೋಲ್ ವಾಸನೆಗೆ ತಲೆ ಸುತ್ತಿತಂತೆ. ಹೊಸದು ತಂದುಕೊಟ್ಟೆ. ಲೆಕ್ಕಕ್ಕೆ ಇನ್ನೊಂದು 900 ಸೇರಿಸಿಕೊಳ್ಳಿ.