ಆಂಗ್ಲಿಕನ್ ಬಿಷಪ್ ಒಬ್ಬರ ಜೀವನಚಿತ್ರ ಬರೆಯುವ ಬಗೆ

ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ ಕ್ರೈಸ್ತ ಪಂಗಡ) ಬಿಷಪ್ ಒಬ್ಬರ ಬದುಕನ್ನು ಬರೆಯಹೊರಟವರು ಮೊದಲು ಅವರು ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆ) ಆದ, ಪಾದ್ರಿಯಾದ ಮತ್ತು ಬಿಷಪ್ ಆಗಿ ಅಭಿಷೇಕ ಪಡೆದ ದಿನಾಂಕಗಳನ್ನು ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ನೇಮಕದ ಘೋಷಣೆ, ಅಭಿಷೇಕ ಮತ್ತು ಬಿಷಪ್ಪರ ಪೀಠವಿರುವ ಮುಖ್ಯ ಚರ್ಚಾದ ಕೆಥೀಡ್ರಲಿನಲ್ಲಿ ನಡೆಯುವ ಪೀಠಾರೋಹಣ ಒಂದೇ ದಿನ ಆಗಬೇಕೆಂದಿಲ್ಲ. ಬೇರೊಂದು ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೆ) ಹೋದ ಬಿಷಪ್ಪರಿಗೆ ಎರಡನೆಯ ಸಲ ಅಭಿಷೇಕವೂ ಇರುವುದಿಲ್ಲ. ಇವುಗಳನ್ನು ಬೆರೆಸಿಬಿಟ್ಟರೆ ಮುಂದಿನ ಯಾವ ವರ್ಷವೂ ತಾಳೆಯಾಗದು.

ಇಂಗ್ಲೆಂಡಿನ ಪಾದ್ರಿಗಳ ಸೇವಾವಿವರಗಳಿಗೆ 1858ರಲ್ಲಿ ಆರಂಭವಾದ ಕ್ರಾಕ್‌ಫರ್ಡ್ ಡೈರೆಕ್ಟರಿ ಒಳ್ಳೆಯ ಆಧಾರ. ಹಳೆಯ ಪತ್ರಗಳನ್ನು ಓದುವಾಗ ಸಹಿಯನ್ನು ನಿಧಾನವಾಗಿ ನೋಡಿ: ಡರ್ಹಮ್‌ನ ಬಿಷಪ್ ತಮ್ಮ ಹೆಸರಿನ ನಂತರ ‘ಡುನೆಲ್ಮ್’ ಎಂದೂ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ‘ಕ್ಯಾಂಟುವಾರ್’ ಎಂದೂ ಬರೆಯುತ್ತಾರೆ. ಅದು ಪೀಠದ ಲ್ಯಾಟಿನ್ ಹೆಸರಿನ ಸಂಕ್ಷೇಪವೇ ಹೊರತು ಮನೆತನದ ಹೆಸರಲ್ಲ.

ಪದವಿಗಳ ಪಟ್ಟಿಯಷ್ಟೇ ಜೀವನಚಿತ್ರವಾಗದು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಾಯ ಅವರನ್ನೇ ತೆಗೆದುಕೊಳ್ಳಿ. 1874ರಲ್ಲಿ ತಿರುನೆಲ್ವೇಲಿ ಸೀಮೆಯಲ್ಲಿ ಹುಟ್ಟಿದ ಅವರು ಪಾದ್ರಿಯಾಗಿ ದೀಕ್ಷೆ ಪಡೆದದ್ದು 1909ರಲ್ಲಿ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೀಡ್ರಲಿನಲ್ಲಿ ಅವರಿಗೆ (ಈಗಿನ ತೆಲಂಗಾಣದ) ದೋರ್ಣಕಲ್ಲಿನ ಬಿಷಪ್ ಆಗಿ ಅಭಿಷೇಕವಾಯಿತು. ಮೂರೇ ವರ್ಷಗಳ ಈ ಅಂತರವನ್ನು ಕಂಡ ಬರಹಗಾರ ಅದಕ್ಕೂ ಹಿಂದಕ್ಕೆ ಹೋಗಲೇಬೇಕು, ಏಕೆಂದರೆ ಅವರನ್ನು ರೂಪಿಸಿದ್ದು ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ಕಾರ್ಯದರ್ಶಿಯಾಗಿ ಊರೂರು ತಿರುಗಿದ ವರ್ಷಗಳು ಮತ್ತು 1903ರಲ್ಲಿ ಅವರೇ ಮುಂದೆ ನಿಂತು ಕಟ್ಟಿದ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘ. 1910ರ ಎಡಿನ್‌ಬರೋ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಅವರು ಪಾಶ್ಚಾತ್ಯ ಮಿಷನರಿಗಳ ಎದುರಿಗೇ, ನೀವು ಬಡವರಿಗಾಗಿ ಎಲ್ಲವನ್ನೂ ಕೊಟ್ಟಿದ್ದೀರಿ, ನಮಗೆ ಸ್ನೇಹಿತರನ್ನೂ ಕೊಡಿ ಎಂಬ ಅರ್ಥದ ಮಾತನ್ನಾಡಿದರು. ನನ್ನ ಮಟ್ಟಿಗೆ ಅವರ ಜೀವನಚಿತ್ರ ಆ ಸಭಾಂಗಣದಿಂದಲೇ ಆರಂಭವಾಗಬೇಕು.

ಬಿಷಪ್ ಕಟ್ಟಿಸಿದ್ದನ್ನೂ ಸಾಧ್ಯವಾದರೆ ಹೋಗಿ ನೋಡಿ. 1939ರಲ್ಲಿ ಪ್ರತಿಷ್ಠೆಗೊಂಡ ದೋರ್ಣಕಲ್ ಕೆಥೀಡ್ರಲಿನ ಗುಮ್ಮಟಗಳಲ್ಲೂ ಕಂಬಗಳಲ್ಲೂ ಮುಸ್ಲಿಂ ಮತ್ತು ಹಿಂದೂ ಶೈಲಿಗಳು ಕೂಡಿಕೊಂಡಿವೆ; ಈ ನೆಲದ ಸಭೆ ಹೇಗಿರಬೇಕೆಂದು ಅಜರಾಯ ಬಯಸಿದ್ದರೋ ಅದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ನಿವೃತ್ತಿ ಅಥವಾ ಮರಣದ ದಿನಾಂಕಕ್ಕೆ ಬಂದೊಡನೆ ಲೇಖನಿ ಕೆಳಗಿಡಬೇಡಿ. ಅಜರಾಯ ತೀರಿಕೊಂಡದ್ದು 1945ರ ಜನವರಿ 1ರಂದು. 1919ರ ತರಂಗಂಬಾಡಿ ಸಮಾಲೋಚನೆಯಿಂದಲೂ ಅವರು ಯಾವ ಕ್ರೈಸ್ತ ಸಭೆಗಳ ಐಕ್ಯಕ್ಕಾಗಿ ದುಡಿದರೋ ಅದು ಕೈಗೂಡಿ ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಅವರ ಜೀವನಚಿತ್ರದ ಕೊನೆಯ ಅಧ್ಯಾಯದಲ್ಲಿ ಆ ದಿನಕ್ಕೂ ಜಾಗವಿರಬೇಕು.