ಕಿತ್ತೆಸೆದ ಥರ್ಮೋಸ್ಟಾಟ್ ಮತ್ತೆ ಹಾಕಿದೆ

ಮೆಕ್ಯಾನಿಕ್ ಆಯಿಲ್ ಕ್ಯಾಪ್ ತೆಗೆದು ಒಳಗೆ ಬೆರಳಾಡಿಸಿ ನನಗೆ ತೋರಿಸಿದ. ಗಟ್ಟಿ ಮಜ್ಜಿಗೆಯಂಥ ಬಿಳಿ ಜಿಡ್ಡು ಬೆರಳಿಗೆ ಮೆತ್ತಿತ್ತು.

"ಹೆಡ್ ಗ್ಯಾಸ್ಕೆಟ್ ಹೋಗೇತ್ರಿ ಸರ್. ಆಯಿಲ್‌ನ್ಯಾಗ ನೀರು ಕೂಡೇತಿ. ಇಂಜಿನ್ ಇಳಸಬೇಕಾಗತೈತಿ."

ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು, ನೀರು ಮತ್ತು ಆಯಿಲ್ ಕೂಡದಂತೆ ತಡೆಯುವುದು. ಹೆಡ್ ಕೆಲಸ, ಬಿಚ್ಚಿದ ಮೇಲೆ ರಿಂಗು, ಬೇರಿಂಗು ಅಂತ ಎಲ್ಲ ಸೇರಿಸಿ 28 ಸಾವಿರದ ಲೆಕ್ಕ ಹೇಳಿದ. ಕಾರು ಮಾರಿದರೆ ಬರುವುದೇ 35 ಸಾವಿರ. ಇದು 2024ರ ಜನವರಿ ಮಾತು. ನನ್ನದು 2004ರ ಮಾರುತಿ 800, ಎಂಪಿಎಫ್‌ಐ, ನಾಲ್ಕು ಗೇರಿನದು. 2011ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. 2024ರಲ್ಲೇ ಆರ್‌ಸಿ ರಿನ್ಯೂವಲ್ ಬೇರೆ ಬಂದಿತ್ತು. 15 ವರ್ಷ ದಾಟಿದ ಕಾರಿಗೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. "ಇನ್ನೂ ಎಷ್ಟು ಸುರೀತೀರಿ ಇದರ ಮ್ಯಾಲೆ" ಎಂದಳು ಹೆಂಡತಿ. ತಮ್ಮ ಅಂತೂ ಗುಜರಿಯವನ ನಂಬರನ್ನೇ ಕಳಿಸಿದ್ದ.

ನನಗೆ ಮಾತ್ರ ಆ ಮಾತು ಒಪ್ಪಿಗೆಯಾಗಲಿಲ್ಲ. ಕಾರಣ ಡಿಪ್‌ಸ್ಟಿಕ್. ಆಯಿಲ್ ಮಟ್ಟ ನೋಡುವ ಆ ಕಡ್ಡಿಯನ್ನು ಎಳೆದು ನೋಡಿದರೆ ಆಯಿಲ್ ಚೊಕ್ಕಟವಾಗಿತ್ತು. ಕರ್ರಗಿತ್ತು, ಆದರೆ ಹಾಲು ಬೆರೆತಂತೆ ಇರಲಿಲ್ಲ. ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಕೆಳಗಿನ ಆಯಿಲೂ ಬಿಳಿ ಆಗಬೇಕಲ್ವಾ? ಜಿಡ್ಡು ಇದ್ದದ್ದು ಮೇಲೆ ಮಾತ್ರ, ಕ್ಯಾಪಿನ ಒಳಗೆ ಮತ್ತು ಅದರ ಕೆಳಗಿನ ಕತ್ತಿನಲ್ಲಿ.

ಮನೆಗೆ ಬಂದು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ತರಿಸಿದೆ, ಸುಮಾರು 900 ರೂಪಾಯಿ. ಮೂರೂ ಸಿಲಿಂಡರು 155ರಿಂದ 165 ಪಿಎಸ್‌ಐ ಒಳಗೆ ಬಂದವು. ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಬಾಯಲ್ಲೇ ಕಣ್ಣಿಟ್ಟು ನಿಂತೆ. ಒಂದು ಗುಳ್ಳೆಯೂ ಏಳಲಿಲ್ಲ. ಊರೊಳಗೆ ಓಡಿಸಿದರೆ ನೀರೂ ಇಳಿಯುತ್ತಿರಲಿಲ್ಲ. ಗ್ಯಾಸ್ಕೆಟ್ ಗಟ್ಟಿ ಇದೆ ಅಂತ ಆಗ ಧೈರ್ಯ ಬಂತು.

ಹಾಗಾದರೆ ಬಿಳಿ ಜಿಡ್ಡು ಎಲ್ಲಿಂದ? ಅದೇ ಹದಿನೈದು ನಿಮಿಷದಲ್ಲಿ ಇನ್ನೊಂದು ವಿಷಯ ಕಂಡಿತ್ತು. ಮೇಲಿನ ಹೋಸ್ ಮೊದಲ ನಿಮಿಷದಿಂದಲೇ ಉಗುರುಬೆಚ್ಚಗೆ ಆಗುತ್ತಾ ಬಂತು. ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ಇದ್ದಿದ್ದರೆ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕಾಯಬೇಕು. ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ಯಾರೋ ಯಾವಾಗಲೋ ಕಿತ್ತು ಎಸೆದಿದ್ದರು. ಸಾಲದ್ದಕ್ಕೆ ಫ್ಯಾನನ್ನು ಇಗ್ನಿಶನ್‌ಗೆ ಡೈರೆಕ್ಟ್ ಮಾಡಿದ್ದರು. ಕೀಲಿ ತಿರುಗಿಸಿದರೆ ಸಾಕು, ಫ್ಯಾನ್ ಶುರು. ಹದಿಮೂರು ವರ್ಷ ನಾನು ಅದನ್ನೇ ಸರಿ ಅಂದುಕೊಂಡು ಓಡಿಸಿದ್ದೆ. ನಮ್ಮ ಕಡೆ ಹಳೆ ಗಾಡಿಗಳಲ್ಲಿ ಹತ್ತಕ್ಕೆ ಆರಾದರೂ ಹೀಗೇ ಇರುತ್ತವೆ ಅಂತ ನನ್ನ ಅಂದಾಜು. ಗಾಡಿ ಕಾದ ಕೂಡಲೇ "ಥರ್ಮೋಸ್ಟಾಟ್ ತಗದ ಒಗೀರಿ, ತಂಪ ಓಡತೈತಿ" ಅನ್ನುವುದು ರೂಢಿ.

ನಾನು ದಿನಾ ಓಡುವುದು ಹುಬ್ಬಳ್ಳಿಯ ವಿದ್ಯಾನಗರದಿಂದ ಗೋಕುಲ ರೋಡಿಗೆ, ನಾಲ್ಕು ಕಿಲೋಮೀಟರ್. ಅಷ್ಟರಲ್ಲಿ ಇಂಜಿನ್ ಬಿಸಿ ಆಗುತ್ತಲೇ ಇರಲಿಲ್ಲ, ಮುಳ್ಳು ಕಾಲು ಭಾಗ ದಾಟುತ್ತಿರಲಿಲ್ಲ. ಇಂಜಿನ್ ಒಳಗಿನ ನೀರಾವಿ ಆರಿ ಹೋಗದೆ, ತಣ್ಣಗಿನ ಕ್ಯಾಪಿಗೆ ಹತ್ತಿ ಆಯಿಲ್ ಜೊತೆ ಕಲಸಿ ಮಜ್ಜಿಗೆ ಆಗುತ್ತಿತ್ತು. ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಕೂಡ ಇಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇತ್ತು. ಮೈಲೇಜ್ 12–13 ಬರುತ್ತಿದ್ದದ್ದು ಅದಕ್ಕೇ. ಅದೇ ಗಾಡಿ ಅರಬೈಲ್ ಘಾಟಿಯಲ್ಲಿ ಮಾತ್ರ ಕುದಿಯುತ್ತಿತ್ತು. ಅದು ಬೇರೆ ರೋಗ, ರೇಡಿಯೇಟರ್ ಕಟ್ಟಿಕೊಂಡದ್ದು. ಊರಲ್ಲಿ ತಣ್ಣಗೆ, ಘಾಟಿಯಲ್ಲಿ ಬೆಂಕಿ. ಎರಡನ್ನೂ ಸೇರಿಸಿ ನೋಡಿದವರು ಹೆಡ್ ಗ್ಯಾಸ್ಕೆಟ್ ಅಂದುಬಿಟ್ಟರು.

"ಥರ್ಮೋಸ್ಟಾಟ್ ವಾಪಸ್ ಹಾಕ್ತೀನಿ" ಅಂತ ಹೇಳಿದಾಗ ಗ್ಯಾರೇಜಿನಲ್ಲಿದ್ದ ಯಾರೂ ಒಪ್ಪಲಿಲ್ಲ. "ಕಾದು ಹೆಡ್ ಡೊಂಕಾದ್ರ ನನ್ನ ಕೇಳಬ್ಯಾಡ್ರಿ ಸರ್" ಎಂದ ಮೆಕ್ಯಾನಿಕ್. ಕೇಳುವುದಿಲ್ಲ ಅಂತ ಹೇಳಿ ಬಂದೆ.

ಮೊದಲು ರೇಡಿಯೇಟರ್. ಕೆಳಗಿನ ಹೋಸ್ ಬಿಚ್ಚಿದರೆ ಕಾವಿ ಬಣ್ಣದ ನೀರು ಬಂತು. ನಮ್ಮ ನಲ್ಲಿಗೆ ಮಲಪ್ರಭೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಉಳಿದದ್ದೆಲ್ಲ ಬೋರ್ ನೀರೇ. ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುವ ಆ ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಹೊಯ್ದಿದ್ದೆ. ನೀರಲ್ಲಿ ಕರಗಿದ ಲವಣ ತೋರಿಸುವ 300 ರೂಪಾಯಿಯ ಟಿಡಿಎಸ್ ಮೀಟರ್ ತಂದು ಅಳೆದೆ. ಬೋರ್ ನೀರು 1,100ರ ಮೇಲೆ, ನಲ್ಲಿ ನೀರು 200ರ ಸುತ್ತ. ಜೂನ್‌ನಲ್ಲಿ ತಾರಸಿಯಿಂದ ಹಿಡಿದ ಮಳೆ ನೀರು, ಮೊದಲ ಎರಡು ಮಳೆ ಬಿಟ್ಟು ಮೂರನೆಯದು, 20 ತೋರಿಸಿತು. ಬ್ಯಾಟರಿ ನೀರು 3 ಅಥವಾ 4. ಈಗ ಮನೆಯ ಇನ್ವರ್ಟರಿಗೂ ಬ್ಯಾಟರಿ ನೀರು ಬಿಟ್ಟು ಬೇರೆ ಹಾಕುವುದಿಲ್ಲ.

ಒಳಗೆ ಕಟ್ಟಿದ ಸವಳು ಬಿಡಿಸಲು ಬಳಸಿದ್ದು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಮೊದಲ ಸಲ ಕೈ ಬಿಚ್ಚಿ ಹಾಕಿ ರಾತ್ರಿಯಿಡೀ ಬಿಟ್ಟೆ, ಅದು ತಪ್ಪಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಕೆಳಗೆ ನೀರು. ಸೂಜಿ ಮೊನೆಯಷ್ಟು ತೂತನ್ನು ಸವಳೇ ಮುಚ್ಚಿಕೊಂಡಿತ್ತು, ಅದು ಕರಗಿದಾಗ ತೂತು ತೆರೆಯಿತು. ನನ್ನದು ಹಳೇ ತಾಮ್ರದ ಕೋರು, ಹಾಗಾಗಿ ಬದುಕಿತು. ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಸರಳು ಹಾಕಿ ಸ್ವಚ್ಛ ಮಾಡಿಸಿ, ಬೆಸುಗೆ ಹಾಕಿಸಿದೆ. 900 ರೂಪಾಯಿ ಆಯಿತು. ಮೂರನೇ ಒಂದು ಭಾಗದಷ್ಟು ಕೊಳವೆಗಳು ಪೂರ್ತಿ ಕಟ್ಟಿದ್ದವು. ಅಲ್ಯೂಮಿನಿಯಂ ರೇಡಿಯೇಟರ್ ಇದ್ದವರು ಇದನ್ನು ರಾತ್ರಿಯಿಡೀ ಬಿಡಲೇಬೇಡಿ. ಇಂಜಿನ್ ಬ್ಲಾಕ್ ತೊಳೆಯಲು ಕೊನೆಗೆ ನಾನು ಹಾಕಿದ ಪ್ರಮಾಣ ಮತ್ತು ಓಡಿಸಿದ ಹೊತ್ತು ಬಹಳ ಚೆನ್ನಾಗಿ ಕೂತಿತು. ಆ ಲೆಕ್ಕ ನನ್ನ ಹತ್ತಿರವೇ ಇರಲಿ. ನಾಲ್ಕು ಸಲ ಮಾಡಿ ಕಂಡುಕೊಂಡದ್ದು ಅದು.

ಎರಡನೇ ಪೆಟ್ಟು ಬೋಲ್ಟಿನದು. ರೇಡಿಯೇಟರ್ ಕೆಲಸ ಮುಗಿಯುವವರೆಗೆ ಥರ್ಮೋಸ್ಟಾಟ್ ಮುಚ್ಚಳವನ್ನು ಸುಮ್ನೆ ಹಾಗೇ ಬಿಗಿದಿಟ್ಟಿದ್ದೆ. ಮತ್ತೆ ಬಿಚ್ಚುವಾಗ ತುಕ್ಕು ಹಿಡಿದ ಒಂದು ಬೋಲ್ಟ್ ತಲೆ ಮುರಿದು ಕೈಗೆ ಬಂತು. ಬುಡ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಒಳಗೇ ಉಳಿಯಿತು. ನಾನು ಡ್ರಿಲ್ ಹಿಡಿದು ಹೊರಟಿದ್ದೆ. ಅಲ್ಯೂಮಿನಿಯಂ ಮೆತ್ತಗೆ, ಕಬ್ಬಿಣ ಗಟ್ಟಿ, ಬಿಟ್ ಪಕ್ಕಕ್ಕೆ ಜಾರಿದರೆ ಮ್ಯಾನಿಫೋಲ್ಡೇ ಹೋಗುತ್ತದೆ. ಪಕ್ಕದ ಮನೆಯ ಕಾಕಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಗೋಡೆಯಾಚೆಯಿಂದಲೇ "ಏ ತಮ್ಮಾ, ಅದನ್ನ ಅಲ್ಲೇ ಬಿಡು, ಬಂದ್ನಿ" ಅಂದರು. ಅರ್ಧ ಗಂಟೆಯಲ್ಲಿ ಬುಡ ಹೊರಗೆ ಬಂತು, ತೂತಿನ ಥ್ರೆಡ್ಡಿಗೆ ಒಂದು ಗೆರೆಯೂ ಬೀಳಲಿಲ್ಲ. ಆ ಉಪಾಯ ಅವರದು, ಅವರನ್ನು ಕೇಳದೆ ನಾನು ಬರೆಯುವುದಿಲ್ಲ. ಹೊಸ ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚಿ ಹಾಕಿದ್ದೇನೆ, ಇನ್ನು ಮುರಿಯುವುದಿಲ್ಲ.

ಮೂರನೆಯದು ಥರ್ಮೋಸ್ಟಾಟೇ. ಮೊದಲು ತಂದದ್ದು 250ರ ಡೂಪ್ಲಿಕೇಟ್. ನೋಡದೆ ಹಾಕಿದೆ. ಉಣಕಲ್ ಕೆರೆ ಹತ್ತಿರ ಹೋಗುವಷ್ಟರಲ್ಲಿ ಮುಳ್ಳು ಎಚ್ (ಹಾಟ್) ಗುರುತು ಮುಟ್ಟಿತು. ಕೂಡಲೇ ಬಂದ್ ಮಾಡಿ ಪಕ್ಕಕ್ಕೆ ತಳ್ಳಿದೆ. ಅವತ್ತು ಒಂದು ಗಂಟೆ ಕೆರೆ ದಂಡೆಯಲ್ಲಿ ಕೂತು, ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತೇ ಅಂತ ಯೋಚಿಸಿದ್ದೇನೆ. ಮನೆಗೆ ಬಂದು ಅದನ್ನು ಬಿಚ್ಚಿ ಪಾತ್ರೆಯಲ್ಲಿ ಕುದಿಸಿದೆ. ನೀರು ಕೊತಕೊತ ಕುದಿದರೂ ಬಾಯಿ ಬಿಡಲಿಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ, ಇಲ್ಲಿ ನೀರು 98ರ ಸುತ್ತಲೇ ಕುದಿಯುತ್ತದೆ. ಅಷ್ಟಾದರೂ 82 ಡಿಗ್ರಿಯ ಥರ್ಮೋಸ್ಟಾಟ್ ಪೂರ್ತಿ ತೆರೆಯಲೇಬೇಕು.

ಆಮೇಲೆ 350 ಕೊಟ್ಟು ಒಳ್ಳೆಯದು ತಂದೆ. ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟು, ತಳ ಮುಟ್ಟದಂತೆ ನೋಡಿಕೊಂಡು, ಡಿಜಿಟಲ್ ಥರ್ಮಾಮೀಟರ್ ಇಟ್ಟು ಕುದಿಸಿದೆ. 81–82ಕ್ಕೆ ಬಾಯಿ ಬಿಡಲು ಶುರು, 94–95ಕ್ಕೆ ಪೂರ್ತಿ. ನೀರು ಕಾದಾಗ ಮಾತ್ರ ಫ್ಯಾನ್ ಹಾಕುವ ಹೊಸ ಸ್ವಿಚ್ಚನ್ನೂ ತಂದಿದ್ದೆ, ಅದೇ ನೀರಲ್ಲಿ ಅದರ ತುದಿಯನ್ನೂ ಅದ್ದಿ ಮಲ್ಟಿಮೀಟರ್ ಹಿಡಿದೆ. ಅದೂ ಸರಿಯಾಗಿ ಕೆಲಸ ಮಾಡುತ್ತಿತ್ತು. ಹೆಂಡತಿಯ ಹಾಲಿನ ಪಾತ್ರೆ ಹೋಯಿತು, ಹೊಸದು ತಂದುಕೊಟ್ಟೆ. ಹಳೆಯದು ಈಗ ನನ್ನ ಟೂಲ್ ಪೆಟ್ಟಿಗೆಯಲ್ಲಿದೆ. ಯಾವ ಥರ್ಮೋಸ್ಟಾಟನ್ನೂ ಇನ್ನು ಕುದಿಸದೆ ಹಾಕುವುದಿಲ್ಲ.

ಕೂರಿಸುವಾಗ ಅದರ ಅಂಚಿನ ಚಿಕ್ಕ ಗಾಳಿ ತೂತು ಮೇಲೆ ಬರಬೇಕು. ಕೆಳಗೆ ಬಂದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕೂಲೆಂಟ್ ಮತ್ತು ಬ್ಯಾಟರಿ ನೀರು ಅರ್ಧಕ್ಕರ್ಧ ಬೆರೆಸಿ ತುಂಬಿದೆ. ಮನೆ ಮುಂದಿನ ಇಳಿಜಾರಿನಲ್ಲಿ ಕಾರಿನ ಮೂತಿ ಮೇಲಾಗಿ ನಿಲ್ಲಿಸಿ, ಕ್ಯಾಪ್ ತೆಗೆದಿಟ್ಟು, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಓಡಿಸಿದೆ. ನಡುನಡುವೆ ಮೇಲಿನ ಹೋಸನ್ನು ಬಟ್ಟೆ ಹಿಡಿದು ಹಿಸುಕಿದೆ. ಸುಮಾರು ಕಾಲು ಲೀಟರ್ ಮತ್ತೆ ಇಳಿಯಿತು. ಕೊನೆಗೆ ಹೊಸ ಕ್ಯಾಪ್, 0.9 ಅಂತ ಬರೆದದ್ದು. ಹಳೆಯದರ ಸ್ಪ್ರಿಂಗ್ ಬೆರಳಲ್ಲೇ ಒತ್ತಿದರೆ ಒಳಗೆ ಹೋಗುತ್ತಿತ್ತು. ಒತ್ತಡ ನಿಲ್ಲದಿದ್ದರೆ ಘಾಟಿಯಲ್ಲಿ ನೀರು ಬೇಗ ಕುದಿಯದೆ ಇನ್ನೇನು? ಫ್ಯಾನಿನ ಡೈರೆಕ್ಟ್ ವೈರ್ ಕಿತ್ತು ರಿಲೇ ಹಾಕಿದೆ.

ವೈರಿಂಗಿಗೆ ಕೈ ಹಾಕಿದ ಮೇಲೆ ಹೆಡ್‌ಲೈಟನ್ನೂ ನೋಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹತ್ತಿರ 11.2. ಉಳಿದದ್ದು ಹಳೇ ಸ್ವಿಚ್ಚು, ಸಪೂರ ವೈರು ತಿನ್ನುತ್ತಿದ್ದವು. ಎರಡು ರಿಲೇ, ದಪ್ಪ ವೈರ್, ಫ್ಯೂಸ್ ಹಾಕಿ ಬ್ಯಾಟರಿಯಿಂದ ನೇರ ಎಳೆದೆ. ಈಗ ಬಲ್ಬಿಗೆ 13.3 ಸಿಗುತ್ತದೆ. ಅದೇ ಹಳೇ ಬಲ್ಬು, ಬೈಪಾಸಿನ ಕತ್ತಲಲ್ಲಿ ಅಂಚಿನ ಬಿಳಿ ಗೆರೆ ದೂರದವರೆಗೆ ಕಾಣುತ್ತದೆ. ಎಲ್‌ಇಡಿಗೆ ಎರಡು ಸಾವಿರ ಕೊಡುವ ಮೊದಲು ಇದನ್ನು ಮಾಡಿ ನೋಡಿ. ಪೆಟ್ರೋಲ್ ಪೈಪ್‌ಗಳನ್ನೂ ಆಗಲೇ ಬದಲಿಸಿದೆ. ನೂರಕ್ಕೆ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಹಳೇ ರಬ್ಬರ್ ಮೆತ್ತಗಾಗಿ ಜಿನುಗುತ್ತಿತ್ತು, ಬೆಳಿಗ್ಗೆ ಬಾನೆಟ್ ತೆಗೆದರೆ ವಾಸನೆ. ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ತಗೊಳ್ಳಿ.

ಮೈಲೇಜ್ ಲೆಕ್ಕ ಹೇಳುವ ಮೊದಲು ಒಂದು ಮಾತು. ನನ್ನ ಗಾಡಿಯಲ್ಲಿ ಕಂಪನಿಯ 145/70 ಆರ್12 ಬದಲು ಆಲ್ಟೋದ 145/80 ಟೈರ್ ಇವೆ, ನೆಲದಿಂದ ಒಂದೂವರೆ ಸೆಂಟಿಮೀಟರ್ ಎತ್ತರ ಸಿಗಲಿ ಅಂತ ಹಾಕಿದ್ದು. ಚಕ್ರ ದೊಡ್ಡದಾದ್ದರಿಂದ ಮೀಟರ್ ನೂರಕ್ಕೆ ಐದೂವರೆಯಷ್ಟು ಕಮ್ಮಿ ತೋರಿಸುತ್ತದೆ. ಮೀಟರಿನಲ್ಲಿ 100 ಅಂದರೆ ನಿಜಕ್ಕೂ 105ರ ಮೇಲೆ. ಕಿಲೋಮೀಟರ್ ಕಲ್ಲು ನೋಡಿಕೊಂಡು ಇದನ್ನು ತಾಳೆ ಮಾಡಿದ್ದೇನೆ. ಹಿಂದಿನ ಲೆಕ್ಕ, ಈಗಿನ ಲೆಕ್ಕ ಎರಡನ್ನೂ ಸರಿ ಮಾಡಿಯೇ ಹೇಳುತ್ತಿದ್ದೇನೆ. ಮೊದಲು ಊರಲ್ಲಿ 13, ಈಗ 16ರಿಂದ 16.5. ಧಾರವಾಡಕ್ಕೆ ಹೋಗಿ ಬಂದರೆ 18 ದಾಟುತ್ತದೆ. ತಿಂಗಳಿಗೆ 600 ಕಿಲೋಮೀಟರ್ ಓಡಿಸುವ ನನಗೆ ಸುಮಾರು ಒಂಬತ್ತರಿಂದ ಹತ್ತು ಲೀಟರ್ ಉಳಿತಾಯ. ಗೇಜು, ಕೆಟ್ಟ ಥರ್ಮೋಸ್ಟಾಟು, ಹೋಸು, ಹಾಲಿನ ಪಾತ್ರೆ ಎಲ್ಲ ಸೇರಿ ಸುಮಾರು ಐದೂವರೆ ಸಾವಿರ ಖರ್ಚಾಗಿತ್ತು. ಎಂಟು ತಿಂಗಳೊಳಗೆ ಪೆಟ್ರೋಲಿನಲ್ಲೇ ವಾಪಸ್ ಬಂತು.

ನಿಜವಾದ ಪರೀಕ್ಷೆ ಮೇ ತಿಂಗಳಲ್ಲಿ. ನಾಲ್ಕು ಜನ, ಲಗೇಜು, ಅಂಕೋಲಾದಿಂದ ವಾಪಸ್. ಅರಬೈಲ್ ಘಾಟಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲೇ ಹತ್ತಿದೆವು. ಮುಳ್ಳು ನಡುಮಧ್ಯ ನಿಂತದ್ದು ಅಲ್ಲಾಡಲಿಲ್ಲ. ಫ್ಯಾನ್ ಬರುವುದು, ನಿಲ್ಲುವುದು ಕೇಳುತ್ತಿತ್ತು. ಹಿಂದೆ ಎರಡು ಸಲ ಬಾನೆಟ್ ತೆಗೆದು ನಿಲ್ಲಿಸಿದ್ದ ತಿರುವಿನಲ್ಲಿ ಈ ಸಲ ನಿಲ್ಲಲೇ ಇಲ್ಲ. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಆಯಿಲ್ ಕ್ಯಾಪ್ ತೆಗೆದು ನೋಡಿದೆ. ಬಿಳಿ ಜಿಡ್ಡು ಇರಲಿಲ್ಲ, ಬರೀ ಆಯಿಲ್. ಅದರ ಫೋಟೋ ತೆಗೆದು ಮೆಕ್ಯಾನಿಕ್‌ಗೆ ಅಲ್ಲಿಂದಲೇ ಕಳಿಸಿದೆ. ಸಂಜೆ ಫೋನ್ ಬಂತು. "ಸರ್, ಆ ಥರ್ಮೋಸ್ಟಾಟ್ ಯಾವ ಅಂಗಡ್ಯಾಗ ತಗೊಂಡ್ರಿ?"

ಎರಡು ವರ್ಷ ಆದ ಮೇಲೆ, 2026ರ ಜನವರಿಯಲ್ಲಿ ಕೂಲೆಂಟ್ ಬದಲಿಸಿದೆ. ಹಳೆಯದನ್ನು ಗಟಾರಕ್ಕೆ ಬಿಡಬೇಡಿ. ಅದು ಸಿಹಿ, ನಾಯಿ, ದನ ನೆಕ್ಕುತ್ತವೆ, ಕುಡಿದರೆ ಉಳಿಯುವುದಿಲ್ಲ. ನಾನು ಬಾಟಲಿಗೆ ಹಿಡಿದು, ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಿ ನೋಡಿದೆ. ಹಸಿರು ಬಣ್ಣ ಹಾಗೇ ಇತ್ತು, ಬಟ್ಟೆಯ ಮೇಲೆ ಚಿಟಿಕೆಯಷ್ಟೂ ತುಕ್ಕು ನಿಲ್ಲಲಿಲ್ಲ. 2024ರಲ್ಲಿ ತೆಗೆದ ಕಾವಿ ನೀರಿನ ಒಂದು ಬಾಟಲಿ ಇನ್ನೂ ಇಟ್ಟಿದ್ದೇನೆ. ಎರಡಕ್ಕೂ ತಾರೀಕು ಬರೆದು, ಮೊಮ್ಮಕ್ಕಳ ಕೈಗೆ ಎಟುಕದ ಮೇಲಿನ ಹಲಗೆಯಲ್ಲಿ ಪಕ್ಕಪಕ್ಕ ಇಟ್ಟಿದ್ದೇನೆ.